ಪೈ ಮಾರಿ ಟೈರು ಕೊಂಡವರ ದಾರಿಯಲ್ಲಿ

ಗುರುವಾರ, ನ್ಯೂ ಆರ್ಲಿಯನ್ಸ್

ಅಮೆರಿಕದ ಕಪ್ಪು ಜನರ ಹಕ್ಕಿನ ಚಳವಳಿಗೆ ಅನ್ನ ಹಾಕಿದ ಅಡುಗೆಮನೆಗಳನ್ನು ಹುಡುಕಿಕೊಂಡು ಹೊರಟ ಎಂಟು ದಿನದ ದಾರಿಯಿದು. ಈಸ್ಟರ್‌ಗೆ ಮುಂಚಿನ ಗುರುವಾರ ಟ್ರೆಮೇ ಬಡಾವಣೆಯ ಆರ್ಲಿಯನ್ಸ್ ಅವೆನ್ಯೂಗೆ ಬಂದರೆ ಡೂಕಿ ಚೇಸ್ ಹೋಟೆಲನ್ನು ಹುಡುಕಬೇಕಿಲ್ಲ, ಮುಂದಿರುವ ಜನರೇ ಗುರುತು. ಗಂಬೋ ಝೆರ್ಬ್ ಎಂಬ ಸೊಪ್ಪಿನ ಗಂಬೋ ಬಡಿಸುವುದು ಅಂದು ಮಾತ್ರ. ಜಾಗ ಬೇಕಿದ್ದರೆ ವಾರಗಳ ಮೊದಲೇ ಕಾದಿರಿಸಬೇಕು. ಬೆಳಿಗ್ಗೆಯಿಂದ ಮೋಡ ಕವಿದು ಬೆವರು ಹರಿಯುವಂಥ ಸೆಕೆ. ಬಟ್ಟಲು ಮುಂದೆ ಬಂದಾಗ ಕಾಣುವುದು ಕಡು ಹಸಿರು ಗಟ್ಟಿ ಸಾರು, ನಡುವೆ ಒಂದು ಸೌಟು ಅನ್ನ. ಕೋಲಾರದ ಕಡೆಯ ಬೆರಕೆ ಸೊಪ್ಪಿನ ಮಸ್ಸೊಪ್ಪಿಗೆ ಹೊಗೆ ಹಾಕಿದ ಮಾಂಸ ಬೆರೆಸಿದರೆ ಹೇಗಿರಬಹುದೋ ಹಾಗೆ.

ಸೊಪ್ಪಿನ ಲೆಕ್ಕ ಬೆಸವೇ ಇರಬೇಕು ಎಂಬುದು ಇಲ್ಲಿನ ನಂಬಿಕೆ. ಈ ಹೋಟೆಲಿನ ಅಡುಗೆಮನೆ ನಡೆಸಿದ ಲಿಯಾ ಚೇಸ್ ಒಂಬತ್ತು ಬಗೆ ಹಾಕುತ್ತಿದ್ದರು: ಸಾಸಿವೆ, ಕೊಲಾರ್ಡ್, ಟರ್ನಿಪ್, ಬೀಟ್‌ರೂಟ್, ಕ್ಯಾರೆಟ್‌ಗಳ ಸೊಪ್ಪು, ಪಾಲಕ್, ವಾಟರ್‌ಕ್ರೆಸ್, ಜೊತೆಗೆ ಅರ್ಧರ್ಧ ಎಲೆಕೋಸು ಮತ್ತು ಲೆಟಿಸ್. ಸಾಸಿವೆ ಸೊಪ್ಪು, ಟರ್ನಿಪ್ ಸೊಪ್ಪುಗಳಲ್ಲಿ ಮರಳು ಹೆಚ್ಚು. ಮೂರ್ನಾಲ್ಕು ನೀರಿನಲ್ಲಿ ತೊಳೆಯದಿದ್ದರೆ ಇಡೀ ಹಂಡೆ ಹಲ್ಲಿಗೆ ಕರಕರ ಎನ್ನುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಸೇರಿಸಿ ಎಲ್ಲವನ್ನೂ ಒಟ್ಟಿಗೆ ಅರ್ಧ ಗಂಟೆ ಬೇಯಿಸಿ, ಬಸಿದು, ಕಟ್ಟು ಚೆಲ್ಲದೆ ಎತ್ತಿಟ್ಟು, ಸೊಪ್ಪನ್ನು ರುಬ್ಬಬೇಕು. ಆಮೇಲೆ ಖಾರದ ಸಾಸೇಜು ಹುರಿದಾಗ ಬಿಟ್ಟ ಕೊಬ್ಬಿನಲ್ಲಿ ಐದು ಚಮಚ ಮೈದಾ ಬಾಡಿಸಿ, ಹ್ಯಾಮು, ಹೊಗೆಯ ಸಾಸೇಜು, ದನದ ಎದೆಮಾಂಸ, ರುಬ್ಬಿದ ಸೊಪ್ಪು, ಕಟ್ಟು ಕೂಡಿಸಿ ಸಣ್ಣ ಉರಿಯಲ್ಲಿ ಇನ್ನೊಂದು ಮುಕ್ಕಾಲು ಗಂಟೆ. ಸಾಸಫ್ರಾಸ್ ಎಲೆಯ ಪುಡಿ, ಇವರ ಬಾಯಲ್ಲಿ ಫೀಲೇ, ಬೀಳುವುದು ಕೊನೆಗೆ, ಒಲೆ ಆರಿಸಿದ ಮೇಲೆ. ಅದು ಕುದಿದರೆ ಸಾರು ಲೋಳೆಯಾಗಿ ಎಳೆ ಎಳೆಯಾಗುತ್ತದೆ. ಮನೆಯಲ್ಲಿ ಮೊದಲ ಸಲ ಮಾಡುವವರು ಎಡವುವುದು ಇಲ್ಲೇ.

1941ರಲ್ಲಿ ಸ್ಯಾಂಡ್‌ವಿಚ್, ಲಾಟರಿ ಚೀಟಿ ಮಾರುವ ಮೂಲೆಯಂಗಡಿಯಾಗಿ ಶುರುವಾದದ್ದು ಇದು. 1946ರಲ್ಲಿ ಮನೆಯ ಸೊಸೆಯಾಗಿ ಬಂದ ಲಿಯಾ ಇದನ್ನು ಬಿಳಿ ಮೇಜುಬಟ್ಟೆಯ ಹೋಟೆಲು ಮಾಡಿದರು. ಕಪ್ಪು ಜನ, ಬಿಳಿಯರು ಒಂದೇ ಮೇಜಿನಲ್ಲಿ ಉಣ್ಣುವುದು ಕಾನೂನಿಗೆ ವಿರುದ್ಧವಾಗಿದ್ದ ಕಾಲದಲ್ಲಿ, ಮಹಡಿಯ ಕೋಣೆಯಲ್ಲಿ ಇಬ್ಬರೂ ಕೂತು ಗಂಬೋ ಉಣ್ಣುತ್ತ ಚಳವಳಿಯ ಯೋಜನೆ ಹಾಕುತ್ತಿದ್ದರು. ಬಸ್ಸುಗಳ ಬಣ್ಣಭೇದ ಮುರಿಯಲು ಹೊರಟ 1961ರ ಫ್ರೀಡಂ ರೈಡರ್‌ಗಳೂ ಇಲ್ಲಿ ಉಂಡವರೇ. ಊರಿಗೆಲ್ಲ ಬೇಕಾದ ಹೋಟೆಲು, ಕೈಹಾಕಿದರೆ ಬೀದಿಗೆ ಜನ ಇಳಿಯುತ್ತಾರೆಂಬ ಅಳುಕಿಗೆ ಪೊಲೀಸರು ಸುಮ್ಮನಿದ್ದರು. ಎಲ್ಲರೂ ಸುಮ್ಮನಿರಲಿಲ್ಲ, ಪೈಪ್ ಬಾಂಬ್ ಎಸೆದದ್ದೂ ಉಂಟು.

ಗಂಬೋ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅಷ್ಟಾಗಿ ಹೇಳದ ಸಂಗತಿ ಶುಕ್ರವಾರದ್ದು. ಬ್ಯಾಂಕುಗಳಲ್ಲಿ ಸರಿಯಾಗಿ ವ್ಯವಹರಿಸಲಾಗದ ಕಪ್ಪು ಕಾರ್ಮಿಕರು ವಾರದ ಸಂಬಳದ ಚೆಕ್ಕನ್ನು ಈ ಹೋಟೆಲಿನ ಗಲ್ಲಾದಲ್ಲಿ ಕೊಟ್ಟು ನಗದು ಪಡೆಯುತ್ತಿದ್ದರು. ಒಂದು ಸ್ಯಾಂಡ್‌ವಿಚ್ಚಿನ ವ್ಯಾಪಾರವೂ ಆಗುತ್ತಿತ್ತು, ಊರಿನ ನಂಬಿಕೆಯೂ ಕೂಡುತ್ತಿತ್ತು. ಚಳವಳಿಗೆ ಮಹಡಿ ಕೊಡುವ ಧೈರ್ಯ ಬಂದದ್ದು ಈ ಗಲ್ಲಾದಿಂದ ಎನ್ನುವುದೇ ಸರಿ. ಲಿಯಾ 2019ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಪಕ್ಕದ ಮೇಜಿನ ಅಜ್ಜಿಯೊಬ್ಬರು ಖಾರದ ಸಾಸ್ ಬಾಟಲಿಗೆ ಚಾಚಿದ ಕೈಯನ್ನು ನೋಡಿ, "ಮೊದಲು ರುಚಿ ನೋಡು ಮಗಾ" ಎಂದರು. 2008ರಲ್ಲಿ ಒಬಾಮ ರುಚಿ ನೋಡದೆ ಸಾಸ್ ಸುರಿದುಕೊಂಡು ಲಿಯಾ ಕೈಲಿ ಬೈಸಿಕೊಂಡದ್ದು ಈ ಊರಿಗೆಲ್ಲ ಗೊತ್ತು.

ಶುಕ್ರವಾರ, ಜಾಕ್ಸನ್

ಐ-55 ಹೆದ್ದಾರಿ ಮೊದಲರ್ಧ ಗಂಟೆ ಜೌಗಿನ ಮೇಲೆ ಕಂಬಗಳಲ್ಲೇ ಓಡುತ್ತದೆ. ಆಮೇಲೆ ಪೈನ್ ಕಾಡು, ಸುಮಾರು 300 ಕಿಲೋಮೀಟರ್. ಗುಡ್ ಫ್ರೈಡೇ ದಿನ ಚರ್ಚುಗಳ ಅಂಗಳದಲ್ಲಿ ಮೀನು ಕರಿಯುವ ಬಾಣಲೆ ಏರಿರುತ್ತದೆ. ದಾರಿಯಲ್ಲಿ ಫಲಕ ಕಂಡಲ್ಲಿ ನಿಲ್ಲಿಸಿದರೆ ಹೋಟೆಲಿಗಿಂತ ಒಳ್ಳೆಯ ಊಟ.

ಜಾಕ್ಸನ್ನಿನ ಫ್ಯಾರಿಷ್ ಸ್ಟ್ರೀಟ್ ಒಂದು ಕಾಲಕ್ಕೆ ಕಪ್ಪು ಜನರ ಪೇಟೆ. ಈಗ ಅರ್ಧಕ್ಕರ್ಧ ಬೀಗ ಜಡಿದ ಮಳಿಗೆಗಳು. ಅವುಗಳ ನಡುವೆ ಬಿಗ್ ಆಪಲ್ ಇನ್ ಇನ್ನೂ ತೆರೆದಿದೆ. ಮೆಕ್ಸಿಕೊದಿಂದ ಬಂದು ಬೀದಿಯಲ್ಲಿ ತಮಾಲೆ ಎಂಬ ಮೆಕ್ಕೆಜೋಳದ ಕಡುಬು ಮಾರುತ್ತಿದ್ದ ಹ್ವಾನ್ ಮೋರಾ 1939ರಲ್ಲಿ ಇಟ್ಟ ಅಂಗಡಿ. ಇಲ್ಲಿಯ ಹೆಸರುವಾಸಿ ತಿನಿಸು ಹಂದಿಕಿವಿಯ ಸ್ಯಾಂಡ್‌ವಿಚ್. ಕಸಾಯಿಯವರು ಎಸೆಯುತ್ತಿದ್ದ ಭಾಗ ಅದು, ಬೇಯುವುದಕ್ಕೇ ಹಿಂದೆ ದಿನಗಟ್ಟಲೆ ಹಿಡಿಯುತ್ತಿತ್ತು. ಪ್ರೆಷರ್ ಕುಕ್ಕರ್ ಬಂದ ಮೇಲೆ ಎರಡು ಗಂಟೆಯ ಕೆಲಸ. ಹೆಚ್ಚು ಬೆಂದರೆ ಕಿವಿ ಅಂಟಾಗಿ ಕರಗುತ್ತದೆ, ಕಡಿಮೆಯಾದರೆ ನಡುವಿನ ಮೃದ್ವಸ್ಥಿ ರಬ್ಬರು. ಪುಟ್ಟ ಬನ್ನಿನ ನಡುವೆ ಕಿವಿ, ಸಾಸಿವೆ, ಸ್ಲಾ ಎಂಬ ಎಲೆಕೋಸಿನ ಕೋಸಂಬರಿ, ಖಾರದ ಸಾಸ್. ಕಿವಿ ಬೇಡವೆನ್ನುವವರಿಗೆ 'ಸ್ಮೋಕ್' ಇದೆ: ಹೊಗೆಯ ಸಾಸೇಜಿನ ಸಿಪ್ಪೆ ಬಿಡಿಸಿ, ಪುಡಿಮಾಡಿ ಕಾವಲಿಯಲ್ಲಿ ಹುರಿದದ್ದು. ಎರಡೂ ಬೇಡದ ಸಸ್ಯಾಹಾರಿಗಳು ಬೀದಿ ನೋಡಿಕೊಂಡು ಬರಬಹುದು. ಆಮೇಲಿನ ದಿನಗಳಿಗೂ ಇಲ್ಲೇ ಎಚ್ಚರಿಕೆ ಹೇಳಿಬಿಡುವುದು ಮೇಲು. ಈ ಪ್ರಾಂತ್ಯದಲ್ಲಿ ಸೊಪ್ಪು, ಹುರುಳಿಕಾಯಿ, ಅಲಸಂದೆ ಏನೇ ಇರಲಿ, ಒಳಗೊಂದು ಹಂದಿಮೂಳೆ ಇರುತ್ತದೆಂದೇ ತಿಳಿಯಬೇಕು. "ಮಾಂಸ ಇದೆಯಾ?" ಎಂದು ಕೇಳಿದರೆ "ಇಲ್ಲ" ಎನ್ನುತ್ತಾರೆ, ರುಚಿಗೆ ಹಾಕಿದ ಮೂಳೆ ಅವರ ಲೆಕ್ಕದಲ್ಲಿ ಮಾಂಸವಲ್ಲ. "ಹಂದಿ ಹಾಕಿ ಬೇಯಿಸಿದ್ದಾ?" ಎಂದೇ ಕೇಳಬೇಕು. ಪೈ ಹಿಟ್ಟಿನಲ್ಲೂ ಹಂದಿಕೊಬ್ಬು ಇರಬಹುದು.

ಈ ಅಂಗಡಿಯ ಮಹಡಿಯಲ್ಲಿತ್ತು ಚಳವಳಿಯ ಮುಂದಾಳು ಮೆಡ್ಗರ್ ಎವರ್ಸ್ ಅವರ ಕಚೇರಿ. ಕೆಳಗೆ ಜನ ಸಾಲುಗಟ್ಟುವ ತಿಂಡಿಯಂಗಡಿ ಇದ್ದರೆ ಮೇಲೆ ಯಾರು ಹತ್ತಿದರು, ಯಾರು ಇಳಿದರು ಎಂದು ಎಣಿಸುವುದು ಕಷ್ಟ. ಗುಟ್ಟಿನ ಸಭೆಗೆ ಇದಕ್ಕಿಂತ ಒಳ್ಳೆಯ ಮರೆ ಇನ್ನೊಂದಿಲ್ಲ. ಎವರ್ಸ್ 1963ರ ಜೂನ್ 12ರಂದು ಗುಂಡಿಗೆ ಬಲಿಯಾದರು. ಅದಕ್ಕೆ ಎರಡು ವಾರ ಮುಂಚೆ, ಮೇ 28ರಂದು, ಇಲ್ಲಿಂದ ಸ್ವಲ್ಪವೇ ದೂರದ ಕ್ಯಾಪಿಟಲ್ ಸ್ಟ್ರೀಟಿನ ವುಲ್‌ವರ್ತ್ ಅಂಗಡಿಯ, ಬಿಳಿಯರಿಗಷ್ಟೇ ಮೀಸಲಿದ್ದ ಊಟದ ಕಟ್ಟೆಯಲ್ಲಿ ಕಪ್ಪು ವಿದ್ಯಾರ್ಥಿನಿ ಆನ್ ಮೂಡಿ ಮತ್ತು ಸಂಗಡಿಗರು ಕೂತರು. ಗುಂಪು ಅವರ ತಲೆ ಮೇಲೆ ಕೆಚಪ್, ಸಾಸಿವೆ, ಸಕ್ಕರೆ ಸುರಿಯಿತು. ಮೇಜಿನ ಮೇಲೆ ಕೈಗೆಟುಕಿದ ಬಾಟಲಿಗಳೇ ಆಯುಧ. ಕಟ್ಟಡ ಈಗಿಲ್ಲ, ಪಾದಚಾರಿ ಹಾದಿಯಲ್ಲಿ ಫಲಕವಿದೆ.

ಶನಿವಾರ, ಗ್ರೀನ್‌ವುಡ್

ಯಾಜೂ ಸಿಟಿ ದಾಟುತ್ತಿದ್ದಂತೆ ಗುಡ್ಡ ಮುಗಿದು ರಸ್ತೆ ಮಿಸಿಸಿಪ್ಪಿ ನದಿಯ ಬಯಲಾದ ಡೆಲ್ಟಾಕ್ಕೆ ಇಳಿಯುತ್ತದೆ. ಮುಂದೆ ಕಣ್ಣು ಹಾಯುವಷ್ಟೂ ಹತ್ತಿಯ ಹೊಲ, ಆಗಷ್ಟೇ ಉತ್ತ ಕಪ್ಪು ಮಣ್ಣು. ಮಧ್ಯಾಹ್ನ ಎಲ್ಲರ ಮೊಬೈಲುಗಳೂ ಒಟ್ಟಿಗೆ ಕಿರುಚಿದವು, ಸುಂಟರಗಾಳಿಯ ಎಚ್ಚರಿಕೆ. ಪೆಟ್ರೋಲ್ ಬಂಕಿನವನು ಗಿರಾಕಿಗಳನ್ನೆಲ್ಲ ತಂಪು ಪಾನೀಯದ ಕೋಣೆಯೊಳಗೆ ನಿಲ್ಲಿಸಿ, ಕೌಂಟರಿನ ಮೇಲಿದ್ದ ಹಂಡೆಯಿಂದ ತಮಾಲೆ ಹಂಚಿದ. ಡೆಲ್ಟಾದ ತಮಾಲೆ ಮೆಕ್ಸಿಕೊದ್ದಕ್ಕಿಂತ ಸಣ್ಣ, ಮೆಕ್ಕೆಜೋಳದ ಹಿಟ್ಟು ಒರಟು, ಹಬೆಯ ಬದಲು ಖಾರದ ನೀರಿನಲ್ಲೇ ಬೇಯುತ್ತದೆ. ಗಾಳಿ ಬೇರೆ ದಿಕ್ಕಿಗೆ ಹೋಯಿತು. ಏಪ್ರಿಲಿನಲ್ಲಿ ಈ ಕಡೆ ಬರುವವರು ಹವಾಮಾನದ ಎಚ್ಚರಿಕೆಯ ಸದ್ದನ್ನು ಫೋನಿನಲ್ಲಿ ಆರಿಸಿಡಬಾರದು.

ಗ್ರೀನ್‌ವುಡ್ಡಿಗೆ ಬರುವುದು ಬುಕರ್ ರೈಟ್ ಎಂಬ ಸಪ್ಲೈಯರ್‌ಗಾಗಿ. ಬಿಳಿಯರ ಲುಸ್ಕೋಸ್ ಹೋಟೆಲಿನಲ್ಲಿ ಅಚ್ಚಾದ ಮೆನು ಇರಲಿಲ್ಲ, ಪರದೆ ಹಾಕಿದ ಕೋಣೆಗಳಲ್ಲಿ ಕೂತ ಗಿರಾಕಿಗಳಿಗೆ ರೈಟ್ ತಿನಿಸಿನ ಪಟ್ಟಿಯನ್ನು ರಾಗವಾಗಿ ಒಪ್ಪಿಸುತ್ತಿದ್ದರು. 1966ರಲ್ಲಿ ಬಿತ್ತರವಾದ ಟಿ.ವಿ. ಸಾಕ್ಷ್ಯಚಿತ್ರದವರು ಕ್ಯಾಮೆರಾ ಹಿಡಿದಾಗಲೂ ಮೊದಲು ಪಟ್ಟಿಯನ್ನೇ ಒಪ್ಪಿಸಿದರು. ಆಮೇಲೆ ಅದೇ ಉಸಿರಿನಲ್ಲಿ, ಗಿರಾಕಿಗಳು ತನ್ನನ್ನು ಏನೇನೆಂದು ಕರೆಯುತ್ತಾರೆ, ಹಾಗೆ ಕರೆದಾಗಲೂ ನಗುನಗುತ್ತಲೇ ಯಾಕೆ ಬಡಿಸಬೇಕು, ತನ್ನ ಮಕ್ಕಳಿಗೆ ಇದು ಬೇಡವೆಂದು ಎಷ್ಟು ಹಂಬಲಿಸುತ್ತೇನೆ ಎಂಬುದನ್ನು ದೇಶಕ್ಕೆಲ್ಲ ಹೇಳಿಬಿಟ್ಟರು. ಕೆಲಸ ಬಿಡಬೇಕಾಯಿತು, ಪೊಲೀಸಿನವನ ಕೈಲಿ ಪೆಟ್ಟು ತಿಂದರು. ಮೆಕ್‌ಲಾರಿನ್ ಸ್ಟ್ರೀಟಿನಲ್ಲಿ ಅವರದೇ 'ಬುಕರ್ಸ್ ಪ್ಲೇಸ್' ಇತ್ತು, ಅದರಿಂದ ಬದುಕು ನಡೆಯಿತು. 1973ರಲ್ಲಿ ಆ ಅಂಗಡಿಯಲ್ಲೇ ಗುಂಡಿಗೆ ಬಲಿಯಾದರು. ಬಾಯಿಬಿಟ್ಟರೆ ಭಾಷಣಕಾರ ಕಳೆದುಕೊಳ್ಳುವುದು ವೇದಿಕೆ, ಸಪ್ಲೈಯರ್ ಕಳೆದುಕೊಳ್ಳುವುದು ವಾರದ ಸಂಬಳ ಮತ್ತು ಟಿಪ್ಸು. ಈ ಊರಿನಲ್ಲಿ ಅದನ್ನು ಮರೆಯಲಾಗದು.

ಭಾನುವಾರ, ಬರ್ಮಿಂಗ್‌ಹ್ಯಾಮ್ ಹಾದು ಸೆಲ್ಮಾ

ಈಸ್ಟರ್ ಭಾನುವಾರ ಸಣ್ಣ ಊರುಗಳಲ್ಲಿ ಒಂದು ಕಪ್ ಕಾಫಿಯೂ ಸಿಗದು. ಹಿಂದಿನ ರಾತ್ರಿಯೇ ಬ್ರೆಡ್ಡು, ಬಾಳೆಹಣ್ಣು, ಕಡಲೆಕಾಯಿ ಬೆಣ್ಣೆ ಕಾರಿನಲ್ಲಿ ಇಟ್ಟುಕೊಂಡವರೇ ಜಾಣರು.

ಬರ್ಮಿಂಗ್‌ಹ್ಯಾಮಿನಲ್ಲಿ ನೋಡುವಂಥದ್ದು ಎ.ಜಿ. ಗ್ಯಾಸ್ಟನ್ ಮೋಟೆಲು. ಕಪ್ಪು ಉದ್ಯಮಿಯೊಬ್ಬರು 1954ರಲ್ಲಿ ತೆರೆದ ಇದರ 30ನೇ ಕೋಣೆಯಿಂದಲೇ 1963ರ ಚಳವಳಿ ನಡೆಯಿತು. ನೋಡಲಾಗದ್ದು ಒಲೀಸ್ ಬಾರ್ಬೆಕ್ಯೂ, ಅದು ಮುಚ್ಚಿಹೋಗಿದೆ. ಹೋಟೆಲುಗಳಲ್ಲಿ ಬಣ್ಣಭೇದ ಕೂಡದೆಂದ 1964ರ ನಾಗರಿಕ ಹಕ್ಕು ಕಾಯ್ದೆ ನಮ್ಮಂಥ ಊರಿನ ಹೋಟೆಲಿಗೆ ತಗಲದು ಎಂದು ಅದರ ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಹೋದರು. ಕಪ್ಪು ಜನರಿಗೆ ಪಾರ್ಸೆಲ್ ಮಾತ್ರ, ಒಳಗೆ ಕೂರುವಂತಿಲ್ಲ. 36 ಕೆಲಸಗಾರರಲ್ಲಿ ಮೂರರಲ್ಲೆರಡು ಪಾಲು ಕಪ್ಪು ಜನವೇ. ಕೋರ್ಟು ಹಿಡಿದದ್ದು ದಿನಸಿ ಲೆಕ್ಕವನ್ನು: ವರ್ಷಕ್ಕೆ ಸುಮಾರು 1,50,000 ಡಾಲರಿನ ಖರೀದಿಯಲ್ಲಿ 69,683 ಡಾಲರಿನ ಮಾಂಸ ಹೊರರಾಜ್ಯದಿಂದ ಬಂದದ್ದು. ಮಾಂಸ ಗಡಿ ದಾಟಿದ ಮೇಲೆ ಅದು ಅಂತರರಾಜ್ಯ ವಾಣಿಜ್ಯ, ಕಾಯ್ದೆ ತಗಲುತ್ತದೆ. ಒಂದು ದೇಶದ ಊಟದ ಮೇಜು ತೆರೆದದ್ದು ಮಾಂಸದ ಬಿಲ್ಲಿನಿಂದ!

ಸಂಜೆ ಸೆಲ್ಮಾ. ಎಡ್ಮಂಡ್ ಪೆಟಸ್ ಸೇತುವೆಯ ಮೇಲೆ ಹೊಸ ಬಟ್ಟೆಯ ಮಕ್ಕಳು ಓಡಾಡುತ್ತಿದ್ದರು.

ಸೋಮವಾರ, ಯು.ಎಸ್. 80 ಮತ್ತು ಮಾಂಟ್‌ಗೊಮರಿ

ಸೆಲ್ಮಾದಿಂದ ಮಾಂಟ್‌ಗೊಮರಿಗೆ 54 ಮೈಲಿ. ಕಾರಿಗೆ ಒಂದು ಗಂಟೆ, 1965ರ ಮಾರ್ಚಿನಲ್ಲಿ ಮತದ ಹಕ್ಕಿಗಾಗಿ ನಡೆದವರಿಗೆ ಐದು ದಿನ. ರಸ್ತೆ ಎರಡೇ ಪಥವಿದ್ದ ಕಡೆ 300 ಜನಕ್ಕಿಂತ ಹೆಚ್ಚು ನಡೆಯಬಾರದೆಂದು ನ್ಯಾಯಾಲಯದ ಆದೇಶವಿತ್ತು. ರಾತ್ರಿ ತಂಗಿದ ಹೊಲಗಳಿಗೆಲ್ಲ ಈಗ ಫಲಕಗಳಿವೆ, ನಿಧಾನ ಹೋಗದಿದ್ದರೆ ಕಣ್ಣು ತಪ್ಪುತ್ತವೆ. ಅಡುಗೆ ಸೆಲ್ಮಾದ ಚರ್ಚಿನಲ್ಲಿ ಆಗಿ ಲಾರಿಯಲ್ಲಿ ಬರುತ್ತಿತ್ತು. ಮೊದಲ ರಾತ್ರಿಯ ಸ್ಪಗೆಟಿ, ಬೀನ್ಸ್ ಕಾಳು ಬಂದದ್ದು ಹೊಚ್ಚಹೊಸ ತಗಡಿನ ಕಸದ ಡಬ್ಬಗಳಲ್ಲಿ, ಅಷ್ಟು ಜನಕ್ಕೆ ಸಾಲುವ ಪಾತ್ರೆ ಬೇರೆ ಇರಲಿಲ್ಲ. ನಡೆದಷ್ಟೂ ಅಡುಗೆಮನೆ ದೂರವಾಗುತ್ತ ಹೋಗುವ ಮೆರವಣಿಗೆಗೆ ಬಿಸಿ ಊಟ ಮುಟ್ಟಿಸುವುದು ಹುಡುಗಾಟವಲ್ಲ.

ಮಾಂಟ್‌ಗೊಮರಿಯ ಸೆಂಟೆನಿಯಲ್ ಹಿಲ್ ಬಡಾವಣೆಯ ಡೆರಿಕೋಟ್ ಸ್ಟ್ರೀಟ್ ಸಣ್ಣ ಬೀದಿ. ಅಲ್ಲಿ ಜಾರ್ಜಿಯಾ ಗಿಲ್ಮೋರ್ ಅವರ ಮನೆಯ ಮುಂದೆ ಫಲಕವಿದೆ. ಅದನ್ನು ಓದಿ ಮುಂದೆ ಹೋಗಬೇಕು, ಬಾಗಿಲು ತಟ್ಟುವ ಜಾಗವಲ್ಲ.

ಗಿಲ್ಮೋರ್ ನ್ಯಾಷನಲ್ ಲಂಚ್ ಕಂಪನಿಯಲ್ಲಿ ಅಡುಗೆಯವರು, ಸೂಲಗಿತ್ತಿ, ಹಲವು ಮಕ್ಕಳ ತಾಯಿ. 1955ರ ಡಿಸೆಂಬರ್ 5ರಂದು ಕಪ್ಪು ಜನರನ್ನು ಬೇರೆ ಕೂರಿಸುವ ಊರ ಬಸ್ಸುಗಳ ಬಹಿಷ್ಕಾರ ಶುರುವಾದಾಗ ಅವರು ಮತ್ತು ಗೆಳತಿಯರು 14 ಡಾಲರ್ ಕೂಡಿಸಿ ಕೋಳಿ, ಬ್ರೆಡ್ಡು, ಲೆಟಿಸ್ ಕೊಂಡರು. ಕರಿದ ಕೋಳಿಯ ಸ್ಯಾಂಡ್‌ವಿಚ್ ಮಾಡಿ ಸಭೆಗೆ ಬಂದವರಿಗೆ ಮಾರಿದರು. ಬಂದ ದುಡ್ಡನ್ನು ಮತ್ತೆ ಹೂಡಿ ಗೆಣಸಿನ ಪೈ, ಪೌಂಡ್ ಕೇಕು, ಮೀನೂಟ. ಬ್ಯೂಟಿ ಪಾರ್ಲರ್, ಲಾಂಡ್ರಿ, ಟ್ಯಾಕ್ಸಿ ಸ್ಟ್ಯಾಂಡ್, ಮನೆಬಾಗಿಲು, ಎಲ್ಲಿ ಜನ ಕಾಯುತ್ತ ಕೂರುತ್ತಾರೋ ಅಲ್ಲೆಲ್ಲ ಮಾರಾಟ. ಬಿಳಿಯ ಗಿರಾಕಿಗಳೂ ಕೊಂಡರು. ಹೆಸರು 'ಕ್ಲಬ್ ಫ್ರಂ ನೋವೇರ್'. ದುಡ್ಡು ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ "ಎಲ್ಲಿಂದಲೂ ಇಲ್ಲ" ಎನ್ನುವುದು ಸುಳ್ಳೂ ಆಗದು. ಯಾರು ಬೇಯಿಸಿದರು, ಯಾರು ಕೊಂಡರು ಎಂಬುದು ಗಿಲ್ಮೋರ್ ಒಬ್ಬರಿಗೇ ಗೊತ್ತು. ಬಿಳಿಯರ ಮನೆಗಳಲ್ಲಿ ಅಡುಗೆ, ಕಸಮುಸುರೆ ಮಾಡುವ ಹೆಂಗಸರು ಅವರು. ಹೆಸರು ಹೊರಬಿದ್ದರೆ ಮರುದಿನ ಕೆಲಸವಿಲ್ಲ.

ಈ ದುಡ್ಡು ಯಾಕೆ ಅಷ್ಟು ಮುಖ್ಯ? ಮೊದಲು ಕಪ್ಪು ಟ್ಯಾಕ್ಸಿಯವರು ಬಸ್ಸಿನ ದರಕ್ಕೇ, 10 ಸೆಂಟಿಗೆ, ಜನರನ್ನು ಕರೆದೊಯ್ದರು. ಟ್ಯಾಕ್ಸಿಯ ಕನಿಷ್ಠ ದರ 45 ಸೆಂಟು, ಕಡಿಮೆ ಪಡೆದರೆ ಕೇಸು ಎಂದು ಪೊಲೀಸರು ಹೆದರಿಸಿದರು. ಆಗ ಹುಟ್ಟಿದ್ದು ಖಾಸಗಿ ಕಾರುಗಳ ವ್ಯವಸ್ಥೆ, ಸುಮಾರು 300 ಕಾರು. ಸವಾರಿಗೆ ದರ ಕೇಳಿದರೆ ಪರವಾನಗಿಯ ತಕರಾರು. ಹಾಗಾಗಿ ಪೆಟ್ರೋಲು, ಟೈರು, ವಿಮೆ ಎಲ್ಲಕ್ಕೂ ಹೊರಗಿನಿಂದ ದುಡ್ಡು ಸುರಿಯುತ್ತಲೇ ಇರಬೇಕಿತ್ತು. ಚರ್ಚುಗಳ ಹೆಸರಿನಲ್ಲಿ ಸ್ಟೇಷನ್ ವ್ಯಾಗನ್‌ಗಳನ್ನು ಕೊಂಡರು. ಅಂಥದ್ದೊಂದು ರೋಸಾ ಪಾರ್ಕ್ಸ್ ಮ್ಯೂಸಿಯಮ್ಮಿನಲ್ಲಿ ನಿಂತಿದೆ. ಅದರ ಟೈರುಗಳನ್ನು ನೋಡುವಾಗ ಗೆಣಸಿನ ಪೈ ನೆನಪಾಗದೆ ಇರದು. ಸೋಮವಾರದ ಸಭೆಯಲ್ಲಿ ಗಿಲ್ಮೋರ್ ವಾರದ ಗಳಿಕೆ ಹಿಡಿದು ಮುಂದೆ ನಡೆದರೆ ಜನ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ಇದನ್ನು ನೋಡಿ ಊರಿನ ಇನ್ನೊಂದು ಭಾಗದಲ್ಲಿ ಐನೆಜ್ ರಿಕ್ಸ್ 'ಫ್ರೆಂಡ್ಲಿ ಕ್ಲಬ್' ಕಟ್ಟಿದರು. ಎರಡರ ನಡುವೆ ಯಾರದು ಹೆಚ್ಚು ಎಂಬ ಪೈಪೋಟಿ, ಲಾಭ ಚಳವಳಿಗೆ. ಬಹಿಷ್ಕಾರ 381 ದಿನ ನಡೆಯಿತು.

ಮಾರಿದ ತಿನಿಸುಗಳ ಆಯ್ಕೆಯಲ್ಲೂ ಬುದ್ಧಿವಂತಿಕೆ ಇದೆ. ಪೌಂಡ್ ಕೇಕು ಫ್ರಿಜ್ಜಿಲ್ಲದೆ ದಿನಗಟ್ಟಲೆ ಕೆಡದು, ಕತ್ತರಿಸಿ ಚೂರಿನ ಲೆಕ್ಕದಲ್ಲಿ ಮಾರಬಹುದು. ಗೆಣಸು ಅಗ್ಗ. ದಕ್ಷಿಣದವರ ಸಾಮಾನ್ಯ ಲೆಕ್ಕದಲ್ಲಿ ಒಂಬತ್ತು ಇಂಚಿನ ಒಂದು ಪೈಗೆ ಎರಡು ಕಪ್ ಗೆಣಸಿನ ಮುದ್ದೆ, ಒಂದು ಕಪ್ ಸಕ್ಕರೆ, ಎರಡು ಮೊಟ್ಟೆ, ಅರ್ಧ ಕಪ್ ಗಟ್ಟಿ ಡಬ್ಬಿಹಾಲು, 60 ಗ್ರಾಂ ಬೆಣ್ಣೆ, ಚಿಟಿಕೆ ಜಾಯಿಕಾಯಿ, 175 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 50 ನಿಮಿಷ. ಗೆಣಸನ್ನು ಸಿಪ್ಪೆ ಸಮೇತ ಸುಡಬೇಕು. ಸುಲಿದು ಬೇಯಿಸಿದರೆ ನೀರು ಕುಡಿದು ಪೈ ತಳ ಹಸಿಯಾಗಿ ಉಳಿಯುತ್ತದೆ. ನಾರು ತೆಗೆಯಲು ಜರಡಿ ಬೇಡ. ಬೀಟರ್ ಹಾಕಿ ತಿರುವಿದರೆ ನಾರೆಲ್ಲ ಅದಕ್ಕೇ ಸುತ್ತಿಕೊಳ್ಳುತ್ತದೆ, ತೊಳೆದು ಮತ್ತೊಮ್ಮೆ ತಿರುವಿದರಾಯಿತು. ನಡುಭಾಗ ಸ್ವಲ್ಪ ಅಲುಗುವಾಗಲೇ ಹೊರತೆಗೆಯದಿದ್ದರೆ ಮೇಲೆ ಬಿರುಕು. ಎರಡು ಗಂಟೆ ಆರದೆ ಕತ್ತರಿಸಿದರೆ ಚೂರು ನಿಲ್ಲದು, ಚೂರು ನಿಲ್ಲದಿದ್ದರೆ ಮಾರಾಟವಿಲ್ಲ.

1956ರಲ್ಲಿ ಬಹಿಷ್ಕಾರದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಮೇಲಿನ ಮೊಕದ್ದಮೆಯಲ್ಲಿ ಗಿಲ್ಮೋರ್ ಸಾಕ್ಷಿ ಹೇಳಿದರು. ದುಡ್ಡು ಪಡೆದು, ಹಿಂದಿನ ಬಾಗಿಲಿಂದ ಹತ್ತು ಎಂದು ಇಳಿಸಿ, ಅಷ್ಟರಲ್ಲಿ ಬಸ್ ಬಿಟ್ಟುಕೊಂಡು ಹೋದ ಡ್ರೈವರನ ಕಥೆ. ಗಿಲ್ಮೋರ್ ಅವರ ಕೆಲಸ ಹೋಯಿತು. ಮನೆಯಲ್ಲೇ ಅಡುಗೆ ಮಾಡಿ ಮಾರು ಎಂದ ಕಿಂಗ್, ಪಾತ್ರೆಪಗಡಕ್ಕೆ ನೆರವಾದರು. ಬೆಳಗಿನ ಜಾವವೇ ಎದ್ದು ಬೇಯಿಸಿದ ಊಟಕ್ಕೆ ಮಧ್ಯಾಹ್ನ ಜನ ಸಾಲುಗಟ್ಟಿದರು, ಆ ಊಟದ ಕೋಣೆಯೇ ಕಿಂಗ್ ಅವರ ಗುಟ್ಟಿನ ಸಭಾಂಗಣವಾಯಿತು. ಕಪ್ಪು ಜನರನ್ನು ಹೊರಗಿಟ್ಟ ಊರಿನ ಪಾರ್ಕುಗಳ ಮೇಲೆ ಗಿಲ್ಮೋರ್ ಹೆಸರಿನಲ್ಲೇ ಮೊಕದ್ದಮೆಯೂ ಇದೆ. 1958ರಲ್ಲಿ ಹೂಡಿದ್ದು 1974ರಲ್ಲಿ ಸುಪ್ರೀಂ ಕೋರ್ಟು ಮುಟ್ಟಿತು. 1990ರ ಮಾರ್ಚಿನಲ್ಲಿ, ಸೆಲ್ಮಾ ನಡಿಗೆಯ 25ನೇ ವರ್ಷದ ನೆನಪಿಗೆಂದು ಕೋಳಿ, ಮ್ಯಾಕರೋನಿ ಚೀಸ್ ಸಿದ್ಧಪಡಿಸುತ್ತಿದ್ದಾಗ ತೀರಿಕೊಂಡರು. ಸಾವಿಗೆ ಬಂದವರು ಉಂಡದ್ದು ಅದನ್ನೇ.

ಮಂಗಳವಾರ, ಅಟ್ಲಾಂಟಾ

ಜಾರ್ಜಿಯಾ ಗಡಿ ದಾಟಿದೊಡನೆ ಗಡಿಯಾರ ಒಂದು ಗಂಟೆ ಮುಂದೆ ಓಡುತ್ತದೆ. ಮಧ್ಯಾಹ್ನದ ಊಟಕ್ಕೆ ಮೇಜು ಕಾದಿರಿಸಿದವರು ಇದನ್ನು ಮರೆತರೆ ಮೇಜು ಹೋಯಿತು. ಜೇಮ್ಸ್, ರಾಬರ್ಟ್ ಪ್ಯಾಶಲ್ ಸಹೋದರರು 1947ರಲ್ಲಿ ತೆರೆದ ಪ್ಯಾಶಲ್ಸ್ ಹೋಟೆಲಿನಲ್ಲಿ ಮೊದಲು ಒಲೆಯೇ ಇರಲಿಲ್ಲ, ಕಾರೂ ಇರಲಿಲ್ಲ. ಮನೆಯಲ್ಲಿ ಕರಿದ ಕೋಳಿ ಟ್ಯಾಕ್ಸಿಯಲ್ಲಿ ಬರುತ್ತಿತ್ತು, ಸ್ಯಾಂಡ್‌ವಿಚ್ 52 ಸೆಂಟು. ಚಳವಳಿಯ ವಿದ್ಯಾರ್ಥಿಗಳು ಬಂಧನಕ್ಕೆ ಒಳಗಾದಾಗ ಸಹೋದರರು ಜಾಮೀನು ಕಟ್ಟಿದರು, ತಡರಾತ್ರಿವರೆಗೂ ಬಾಗಿಲು ತೆರೆದಿಟ್ಟರು. ಬಿಡುಗಡೆಯಾದ ಮಕ್ಕಳು, ಅವರಿಗಾಗಿ ಕಾದ ತಂದೆತಾಯಂದಿರು ಇಲ್ಲಿಯೇ ಕೂಡಿ ಬಿಟ್ಟಿ ಊಟ ಮಾಡಿದರು. ಇದೇ ಊರಿನಲ್ಲಿ ಪಿಕ್‌ರಿಕ್ ಎಂಬ ಹೋಟೆಲಿನ ಮಾಲೀಕ ಲೆಸ್ಟರ್ ಮ್ಯಾಡಕ್ಸ್ ಕೊಡಲಿಕಾವು ಹಂಚಿ ಕಪ್ಪು ಗಿರಾಕಿಗಳನ್ನು ಓಡಿಸಿದ, ಆಮೇಲೆ ರಾಜ್ಯದ ಗವರ್ನರನೂ ಆದ. ಕರಿದ ಕೋಳಿ ಅವನಲ್ಲೂ ಇತ್ತು. ಪ್ಯಾಶಲ್ಸ್ ಈಗ ನಾರ್ತ್‌ಸೈಡ್ ಡ್ರೈವಿನ ಹೊಸ ಕಟ್ಟಡದಲ್ಲಿದೆ.

ಬುಧವಾರ, ಗ್ರೀನ್ಸ್‌ಬರೊ

ದಿನವಿಡೀ ಐ-85, ದಿನವಿಡೀ ಮಳೆ. ಸೌತ್ ಎಲ್ಮ್ ಸ್ಟ್ರೀಟಿನ ವುಲ್‌ವರ್ತ್ ಈಗ ಮ್ಯೂಸಿಯಂ, ಗೈಡ್ ಜೊತೆ ಹೋಗುವುದು ವಾಸಿ. 1960ರ ಫೆಬ್ರವರಿ 1ರಂದು ಇಲ್ಲಿ ಬಿಳಿಯರ ಊಟದ ಕಟ್ಟೆಯಲ್ಲಿ ಕೂತ ನಾಲ್ವರು ಕಪ್ಪು ಹುಡುಗರ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಜುಲೈ 25ರಂದು ಕಟ್ಟೆ ಎಲ್ಲರಿಗೂ ತೆರೆದಾಗ ಮೊದಲು ಉಂಡವರು ಅವರಲ್ಲ, ಅಲ್ಲಿಯೇ ದುಡಿಯುತ್ತಿದ್ದ ಕಪ್ಪು ಕೆಲಸಗಾರರು. ಸಮವಸ್ತ್ರ ಬಿಚ್ಚಿ ಮನೆಬಟ್ಟೆಯಲ್ಲಿ ಬಂದು ಕೂರಿ ಎಂದು ಮ್ಯಾನೇಜರ್ ಹೇಳಿದ. ಜಿನೀವಾ ಟಿಸ್ಡೇಲ್ ತರಿಸಿಕೊಂಡದ್ದು ಮೊಟ್ಟೆ ಸಲಾಡಿನ ಸ್ಯಾಂಡ್‌ವಿಚ್, ತಾವೇ ಮಾಡಿಟ್ಟದ್ದು.

ಗುರುವಾರ, ವಾಷಿಂಗ್ಟನ್

ಯು ಸ್ಟ್ರೀಟಿನ ಬೆನ್ಸ್ ಚಿಲಿ ಬೌಲ್ ತೆರೆದದ್ದು 1958ರಲ್ಲಿ. ಭಾರತೀಯ ಮೂಲದ ಟ್ರಿನಿಡಾಡಿನ ಬೆನ್ ಅಲಿ ಮತ್ತು ಪತ್ನಿ ವರ್ಜಿನಿಯಾ ಅವರದು. 1968ರ ಏಪ್ರಿಲಿನಲ್ಲಿ ಕಿಂಗ್ ಹತ್ಯೆಯ ಬಳಿಕ ಬೀದಿ ಉರಿಯುತ್ತಿದ್ದಾಗ, ಕರ್ಫ್ಯೂ ನಡುವೆ ವಿಶೇಷ ಅನುಮತಿ ಪಡೆದು ತೆರೆದಿದ್ದದ್ದು ಈ ಹೋಟೆಲು. ಪೊಲೀಸರೂ ಚಳವಳಿಗಾರರೂ ಇಲ್ಲೇ ತಿಂದರು. ಹಾಫ್-ಸ್ಮೋಕ್ ಸಾಸೇಜು ತಿನ್ನದವರಿಗೆ ಮಾಂಸವಿಲ್ಲದ ಚಿಲಿ, ಅಂದರೆ ಖಾರದ ಗೊಜ್ಜು, ಸಿಗುತ್ತದೆ.

2020ರ ಮೇಯಲ್ಲಿ ಪೊಲೀಸರ ಕೈಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಹತ್ಯೆಯಾದಾಗ ಕೊರೊನಾದಿಂದ ಹೋಟೆಲುಗಳು ಮುಚ್ಚಿ ಅಡುಗೆಯವರು ಮನೆಯಲ್ಲಿದ್ದರು. ಈ ಊರಿನ ಪಾವೊಲಾ ವೇಲೆಸ್, ವಿಲ್ಲಾ ಪೆಲೀನಿ, ರಾಬ್ ರುಬ್ಬಾ ಸೇರಿ 'ಬೇಕರ್ಸ್ ಅಗೇನ್ಸ್ಟ್ ರೇಸಿಸಂ' ಎಂಬ ಕರೆ ಕೊಟ್ಟರು. ಒಬ್ಬೊಬ್ಬರೂ ಒಂದು ತಿನಿಸಿನ 150 ಚೂರು ಮಾಡಿ ಮಾರಿ, ತಾವೇ ಆಯ್ದ ಸಂಸ್ಥೆಗೆ ದುಡ್ಡು ಕೊಡಬೇಕು. 2,400ಕ್ಕೂ ಹೆಚ್ಚು ಮಂದಿ ಸೇರಿದರು, ಕೂಡಿದ್ದು ಸುಮಾರು 19 ಲಕ್ಷ ಡಾಲರ್. ನಡುವೆ ಕೇಂದ್ರ ಖಾತೆ ಇಲ್ಲದ್ದರಿಂದ ಲೆಕ್ಕದ ಹೊರೆಯೂ ಇಲ್ಲ.

ಕಾಫಿ ಅಂಗಡಿಯೊಂದರ ಬೇಕರ್ ಹುಡುಗಿ ಇಂಥ ಮಾರಾಟದ ಸೂಕ್ಷ್ಮ ಹೇಳಿದಳು. 150 ಎಂದರೆ ಮನೆಯ ಓವನ್‌ನಲ್ಲಿ ಒಂದು ತಟ್ಟೆಗೆ 12ರಂತೆ 13 ಸುತ್ತು, ತಟ್ಟೆ ಆರುವ ಹೊತ್ತೂ ಸೇರಿ ಇಡೀ ದಿನ. ಬಿಸಿ ತಟ್ಟೆಗೆ ಹಿಟ್ಟು ಇಟ್ಟರೆ ಬಿಸ್ಕತ್ತು ಹರಡಿ ಒಂದಕ್ಕೊಂದು ಅಂಟುತ್ತದೆ, ಹಾಗಾಗಿ ಮೂರು ತಟ್ಟೆ ಬೇಕು. ಜೂನಿನ ವಾಷಿಂಗ್ಟನ್ ಬಿಸಿಲಿಗೆ ಬೆಣ್ಣೆ ಕ್ರೀಮು ಕರಗುತ್ತದೆ, ಕ್ರೀಮಿನ ಗೊಡವೆ ಬೇಡ. ದುಡ್ಡು ಮುಂಗಡ ಪಡೆಯಬೇಕು, ಬರುತ್ತೇನೆಂದವರಲ್ಲಿ ಬಾರದವರು ಇದ್ದೇ ಇರುತ್ತಾರೆ. ಪೊಟ್ಟಣದ ಮೇಲೆ ಕಡಲೆಕಾಯಿ, ಮೊಟ್ಟೆ, ಗೋಧಿ ಇದ್ದರೆ ಬರೆಯಬೇಕು. ಸಕ್ಕರೆ, ಬೆಣ್ಣೆಯ ಖರ್ಚು ಯಾರದ್ದೆಂದು ಕೇಳಿದ್ದಕ್ಕೆ, "ಅದು ನನ್ನ ಚಂದಾ" ಎಂದು ಮುಂದಿನ ಗಿರಾಕಿಯ ಕಡೆ ತಿರುಗಿದಳು.